ದಂಡದ ಪುಸ್ತಕ

ತ್ಸಾಂಗ್ಲಾ ಭಾಷೆಯಲ್ಲಿ ನಾನು ಕಲಿತ ಮೊದಲ ಪದ ‘ರಿ’. ಹಾಗೆಂದರೆ ನೀರು. ಅದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ, ಇನ್ನೂರು ಪುಟದ ಒಂದು ನೋಟ್‌ಬುಕ್ಕಿನಲ್ಲಿ ಓದಿದ್ದು. ಸ್ಕೇಲಿಟ್ಟು ಎಳೆದ ನಾಲ್ಕು ಕಾಲಂ: ದಿನಾಂಕ, ಹೆಸರು, ಆಡಿದ ಮಾತು, ದಂಡ. ಪೂರ್ವ ಭೂತಾನಿನ ಒಂದು ವಸತಿ ಶಾಲೆಯಲ್ಲಿ ನಾನು ಏಳನೇ ತರಗತಿಯ ಕ್ಲಾಸ್ ಟೀಚರಾಗಿದ್ದಾಗ ಆ ಪುಸ್ತಕ ನನ್ನ ಮೇಜಿನ ಖಾನೆಯಲ್ಲಿರುತ್ತಿತ್ತು. ಜೋಂಗ್ಖಾ ಪೀರಿಯಡ್ ಬಿಟ್ಟರೆ ಶಾಲೆಯ ಆವರಣದಲ್ಲೆಲ್ಲೂ ಇಂಗ್ಲಿಷಲ್ಲದ ಮಾತು ಆಡುವಂತಿಲ್ಲ. ಆಡಿದರೆ ಸಲಕ್ಕೆ ಐದು ನ್ಗುಲ್ಟ್ರಮ್. ಅಲ್ಲಿನ ನ್ಗುಲ್ಟ್ರಮ್ ನಮ್ಮ ರೂಪಾಯಿಗೆ ಸಮ, ಆದ್ದರಿಂದ ಐದು ರೂಪಾಯಿ ಎಂದೇ ಹೇಳುತ್ತೇನೆ. ಬರೆಯುವುದು ಕ್ಲಾಸ್ ಕ್ಯಾಪ್ಟನ್ ಹುಡುಗಿಯ ಕೆಲಸ, ವಸೂಲಿ ಮಾಡುವುದು ನನ್ನದು.

ಅಲ್ಲಿಗೆ ಹೋಗುವ ಮುಂಚೆ ನಾನು ಹಾಸನ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ‘ಅತಿಥಿ’ ಎಂಬ ಪದಕ್ಕೆ ನಮ್ಮ ಕಾಲೇಜುಗಳಲ್ಲಿ ಬಂದಿರುವ ಅರ್ಥ ಯಾವ ನಿಘಂಟಿನಲ್ಲೂ ಸಿಗುವುದಿಲ್ಲ. ಸಂಬಳ ತಿಂಗಳುಗಟ್ಟಲೆ ತಡ, ರಜೆಯಲ್ಲಿ ಅದೂ ಇಲ್ಲ, ಮುಂದಿನ ವರ್ಷ ನಮ್ಮನ್ನು ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲ. ಇಂಗ್ಲಿಷ್ ಎಂ.ಎ. ಮಾಡಿದವನಿಗೆ ವಿದೇಶದಲ್ಲಿ ಬೇಕಾದಷ್ಟು ಕೆಲಸ ಎಂದು ಯಾರೋ ಹೇಳಿದರು. ಹುಡುಕುತ್ತ ಹೋದಾಗ ತಿಳಿದದ್ದೇ ಬೇರೆ. ದಕ್ಷಿಣ ಕೊರಿಯಾದಲ್ಲಿ ಆ ಕೆಲಸದ ವೀಸಾ ಹೆಚ್ಚುಕಡಿಮೆ ಇಂಗ್ಲಿಷ್ ಮನೆಮಾತಾಗಿರುವ ಏಳು ದೇಶಗಳವರಿಗೇ ಮೀಸಲು. ನಾನು ಎಷ್ಟೇ ಓದಿಕೊಂಡಿದ್ದರೂ ನನ್ನ ಅವ್ವ ನನಗೆ ಇಂಗ್ಲಿಷಿನಲ್ಲಿ ಜೋಗುಳ ಹಾಡಿರಲಿಲ್ಲವಲ್ಲ. ಆ ಪ್ರಶ್ನೆಯನ್ನು ಕೇಳದೆ ಗುತ್ತಿಗೆಯ ಮೇಲೆ ಕರೆದುಕೊಂಡದ್ದು ಭೂತಾನ್. 2013ರ ಫೆಬ್ರವರಿಯಲ್ಲಿ, ಅವರ ಶಾಲಾವರ್ಷ ಶುರುವಾಗುವ ಹೊತ್ತಿಗೆ, ಗುವಾಹಟಿಯವರೆಗೆ ರೈಲಿನಲ್ಲಿ ಹೋಗಿ, ಸಮ್‌ದ್ರುಪ್ ಜೋಂಗ್ಖಾರ್‌ನಲ್ಲಿ ಗಡಿ ದಾಟಿ, ಇಡೀ ದಿನ ಬೆಟ್ಟ ಹತ್ತುವ ಬಸ್ಸಿನಲ್ಲಿ ಕುಳಿತೆ. ಅರ್ಧ ದಾರಿಯಲ್ಲಿ ಮಂಜು ಕವಿದು ರಸ್ತೆಯೇ ಕಾಣದಾಯಿತು. ಡ್ರೈವರ್ ಮಾತ್ರ ನಮ್ಮ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಗಾಡಿ ತಿರುಗಿಸುವವನ ಹಾಗೆ ನಿರಾಳವಾಗಿದ್ದ.

ಹೊಸ ದೇಶದಲ್ಲಿ ನೆಲೆಯೂರುವುದು ಎಂದರೆ ದೊಡ್ಡ ವಿಷಯವೇನಲ್ಲ, ಚಿಕ್ಕ ಚಿಕ್ಕ ಸಂಗತಿಗಳಿಗೆ ಒಂದೊಂದಾಗಿ ಸೋಲುತ್ತ ಹೋಗುವುದು. ಅವರ ಗಡಿಯಾರ ನಮಗಿಂತ ಅರ್ಧ ಗಂಟೆ ಮುಂದೆ. ಆ ಅರ್ಧ ಗಂಟೆ ನನ್ನನ್ನು ಒಂದು ತಿಂಗಳು ಕಾಡಿತು, ಮನೆಗೆ ಫೋನ್ ಮಾಡಿದಾಗಲೆಲ್ಲ ಮಗಳು ಇನ್ನೂ ಶಾಲೆಯಿಂದ ಬಂದಿರುತ್ತಿರಲಿಲ್ಲ. ಕೋಣೆಯಲ್ಲಿ ಬುಖಾರಿ ಎನ್ನುವ ಕಬ್ಬಿಣದ ಸೌದೆ ಒಲೆ. ಅದನ್ನು ಹೊತ್ತಿಸಲು ಎಂಟನೇ ತರಗತಿಯ ಹುಡುಗನೊಬ್ಬ ಹೇಳಿಕೊಟ್ಟ. ಮೆಣಸಿನಕಾಯಿ ಅವರಿಗೆ ಸಾಂಬಾರ ಪದಾರ್ಥವಲ್ಲ, ತರಕಾರಿ. ಇಡಿಯಾಗಿ ಸೀಳಿ ಚೀಸಿನಲ್ಲಿ ಬೇಯಿಸಿದರೆ ಅದೇ ಎಮಾ ದಾತ್ಶಿ. ಖಾರದಲ್ಲಿ ನಾವು ಯಾರಿಗೂ ಕಮ್ಮಿ ಇಲ್ಲ ಎಂಬ ಜಂಬದಿಂದ ಕೂತವನು ಮೊದಲ ತುತ್ತಿಗೇ ಎದ್ದು ಹೋಗಿ ನೀರು ಕುಡಿದೆ. ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ನಿಂತು ನಕ್ಕಳು. ಆಮೇಲೆ ನಾನು ತಂದಿದ್ದ ರಾಗಿ ಹಿಟ್ಟಿನಲ್ಲಿ ಮುದ್ದೆ ಮಾಡಿ ಕೊಟ್ಟಾಗ ಅವಳ ಮುಖ ನೋಡಬೇಕಿತ್ತು, ಲೆಕ್ಕ ಚುಕ್ತಾ ಆಯಿತು.

ಊರಿನ ಅಂಗಡಿಯ ಮುದುಕ ಮೊದಲ ದಿನವೇ ಕೇಳಿದ, ‘ಕೇರಳವಾ?’ ಅಲ್ಲ ಎಂದರೂ ಒಪ್ಪಲಿಲ್ಲ. ಅದಕ್ಕೆ ಕಾರಣವಿದೆ. ಭೂತಾನಿನ ಮೊದಲ ಶಾಲೆಗಳಲ್ಲಿ ಪಾಠ ನಡೆಯುತ್ತಿದ್ದದ್ದು ಹಿಂದಿಯಲ್ಲಿ. ಪಂಚವಾರ್ಷಿಕ ಯೋಜನೆಗಳು ಶುರುವಾದ 1960ರ ದಶಕದಲ್ಲಿ ಅವರು ಇಂಗ್ಲಿಷಿಗೆ ಹೊರಳಿದರು. ಕಲಿಸಲು ಭಾರತದಿಂದ ಮೇಷ್ಟ್ರುಗಳನ್ನು ಕರೆಸಿದರು, ಅವರಲ್ಲಿ ಮಲಯಾಳಿಗಳು ಬಹಳ. ಕೆನಡಾದ ಜೆಸ್ವಿಟ್ ಪಾದ್ರಿ ವಿಲಿಯಂ ಮ್ಯಾಕಿ 1963ರಲ್ಲಿ ಈ ಪೂರ್ವದ ಬೆಟ್ಟಗಳಿಗೇ ಬಂದು ಶಾಲೆ ಕಟ್ಟಿ, 1995ರಲ್ಲಿ ಆ ದೇಶದಲ್ಲೇ ತೀರಿಕೊಂಡರು. ಹೀಗಾಗಿ ಅಲ್ಲಿ ಐವತ್ತು ದಾಟಿದವರ ಇಂಗ್ಲಿಷಿನಲ್ಲಿ ಸ್ವಲ್ಪ ಕೊಟ್ಟಾಯಂ, ಸ್ವಲ್ಪ ಕೆನಡಾ. ಯಾರ ಮನೆಮಾತೂ ಅಲ್ಲದ ಭಾಷೆಯನ್ನು ಬಹುಮಟ್ಟಿಗೆ ಅದು ಮನೆಮಾತಲ್ಲದವರಿಂದಲೇ ಕಲಿತ ದೇಶ ಅದು. ಆ ಸಾಲಿನಲ್ಲಿ ಕೊನೆಯವನಾಗಿ ನಾನು ಸೇರಿಕೊಂಡೆ.

ರಾಷ್ಟ್ರಭಾಷೆ ಜೋಂಗ್ಖಾ, ಸಂವಿಧಾನದಲ್ಲೇ ಹಾಗೆಂದಿದೆ. ಅದಕ್ಕೆ ಟಿಬೆಟನ್ ಮೂಲದ ಚಂದದ ಲಿಪಿಯಿದೆ. ಆದರೆ ಅದು ಪಶ್ಚಿಮದವರ ಭಾಷೆ. ಪೂರ್ವದಲ್ಲಿ ಮನೆಮನೆಯಲ್ಲಿ ಆಡುವುದು ತ್ಸಾಂಗ್ಲಾ. ಲಕ್ಷಕ್ಕೂ ಹೆಚ್ಚು ಜನ ಆಡುವ, ಆದರೆ ಬರೆಯುವ ರೂಢಿಯೇ ಇಲ್ಲದ ಭಾಷೆ. ಅಲ್ಲಿನ ಮಗು ಮನೆಯಲ್ಲಿ ಒಂದು, ರಾಷ್ಟ್ರಕ್ಕೆ ಒಂದು, ಪಾಠಕ್ಕೆ ಇನ್ನೊಂದು ಎಂದು ಮೂರು ಭಾಷೆ ಹೊತ್ತುಕೊಂಡು ಓಡಾಡುತ್ತದೆ.

ಜೂನ್ ತಿಂಗಳ ಒಂದು ಶುಕ್ರವಾರ ಪುಸ್ತಕ ತೆರೆದಾಗ ಒಬ್ಬ ಹುಡುಗಿಯ ಹೆಸರಿನ ಮುಂದೆ ಬುಧವಾರ ರಾತ್ರಿಯ ತಾರೀಖಿನಲ್ಲಿ ರೋಮನ್ ಅಕ್ಷರದಲ್ಲಿ ಬರೆದಿತ್ತು: ರಿ, ಎರಡು ಸಲ. ಹತ್ತು ರೂಪಾಯಿ. ಹುಡುಗಿಯನ್ನು ಕರೆದು ಕೇಳಿದೆ. ಅವಳು ಮಾತಾಡಲಿಲ್ಲ. ಕ್ಯಾಪ್ಟನ್ನೇ ಹೇಳಿದಳು: ‘ಸರ್, ಅವಳಿಗೆ ಜ್ವರ ಬಂದಿತ್ತು. ರಾತ್ರಿ ನೀರು ಕೇಳಿದಳು. ನಾನೇ ತಂದುಕೊಟ್ಟೆ.’ ನೀರೂ ತಂದುಕೊಟ್ಟು ದಂಡವನ್ನೂ ಬರೆದಿದ್ದಳು. ಅವಳ ಮುಖದಲ್ಲಿ ಕೆಟ್ಟತನವೇನೂ ಇರಲಿಲ್ಲ. ಕೆಲಸ ಸರಿಯಾಗಿ ಮಾಡಿದ ಮಗುವಿನ ಮುಖ.

ನಾನು ಹತ್ತು ರೂಪಾಯಿ ತೆಗೆದುಕೊಂಡೆ.

ಯಾಕೆ ತೆಗೆದುಕೊಂಡೆ ಎಂಬುದಕ್ಕೆ ಆಗ ನನ್ನ ಬಳಿ ಉತ್ತರಗಳಿದ್ದವು. ನಿಯಮ ನನ್ನದಲ್ಲ. ಒಬ್ಬಳಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು. ನಾನು ಹೊಸಬ, ಪರದೇಶಿ, ಗುತ್ತಿಗೆಯವನು, ವರ್ಷದ ಕೊನೆಯಲ್ಲಿ ಅದು ನವೀಕರಣವಾಗಬೇಕು. ಊರಲ್ಲಿ ಸಾಲವಿತ್ತು. ಇವು ಒಂದೂ ಸುಳ್ಳಲ್ಲ. ಅದಕ್ಕೇ ಇಷ್ಟು ವರ್ಷ ಉಳಿದುಕೊಂಡಿವೆ, ಸುಳ್ಳಾಗಿದ್ದರೆ ಯಾವಾಗಲೋ ಉದುರಿ ಹೋಗುತ್ತಿದ್ದವು.

ಕೆಲವು ದಿನದ ಮೇಲೆ ಪ್ರಿನ್ಸಿಪಾಲರ ಹತ್ತಿರ ಮಾತು ತೆಗೆದೆ. ಅವರನ್ನು ಖಳನನ್ನಾಗಿ ಮಾಡಿದರೆ ಈ ಬರಹ ಸುಲಭವಾಗುತ್ತಿತ್ತು, ಆದರೆ ಅವರು ಹಾಗಿರಲಿಲ್ಲ. ಬೆಣ್ಣೆ ಚಹಾ ತರಿಸಿ ಸಾವಧಾನವಾಗಿ ಹೇಳಿದರು: ‘ನಿಮ್ಮ ತರಗತಿಯಲ್ಲಿ ನೇಪಾಳಿ ಮನೆಮಾತಿನ ಮೂವರಿದ್ದಾರೆ. ಪಶ್ಚಿಮದಿಂದ ಬಂದ ಇಬ್ಬರಿದ್ದಾರೆ. ಹಾಸ್ಟೆಲಿನಲ್ಲಿ ಎಲ್ಲರೂ ತ್ಸಾಂಗ್ಲಾ ಆಡಿದರೆ ಆ ಐವರು ಎಲ್ಲಿಗೆ ಹೋಗಬೇಕು? ಇಂಗ್ಲಿಷ್ ಎಲ್ಲರಿಗೂ ಅಷ್ಟೇ ದೂರ. ಅದಕ್ಕೇ ನ್ಯಾಯ.’ ಆಮೇಲೆ ತಮ್ಮ ಅಪ್ಪನ ಕತೆ ಹೇಳಿದರು. ಅಕ್ಷರ ಬಾರದೆ ಜಮೀನಿನ ಕಾಗದದ ಮೇಲೆ ಏನಿದೆಯೆಂದು ಗೊತ್ತಿಲ್ಲದೆ ಹೆಬ್ಬೆಟ್ಟೊತ್ತಿದವರು ಅವರಪ್ಪ. ಕೊನೆಗೆ ಮೆಲ್ಲಗೆ, ‘ನೀವು ಇಲ್ಲಿಗೆ ಹೇಗೆ ಬಂದಿರಿ ಸರ್? ನಿಮ್ಮ ಮಾತೃಭಾಷೆ ನಿಮ್ಮನ್ನು ಕರೆತಂದಿತೇ?’ ಎಂದರು.

ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಪಿಯುಸಿಯಲ್ಲಿ ಸೈನ್ಸ್ ತೆಗೆದುಕೊಂಡು, ಇಂಗ್ಲಿಷ್ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತು, ಫೇಲಾಗಿ, ಆರ್ಟ್ಸಿಗೆ ಬಂದವನು. ಇಂಗ್ಲಿಷ್ ಎಂ.ಎ. ಮಾಡಿದ್ದೇ ಆ ಬೆಂಚಿನ ಮೇಲಿನ ಸೇಡಿಗೆ. ಹಾಗಾಗಿ ಪ್ರಿನ್ಸಿಪಾಲರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಉಂಡವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಬಾರದು. ಚಂದ್ರಭಾನ್ ಪ್ರಸಾದ್ ಇಂಗ್ಲಿಷನ್ನು ದೇವಿಯೆಂದು ಕರೆದು 2010ರಲ್ಲಿ ಉತ್ತರ ಪ್ರದೇಶದ ಹಳ್ಳಿಯೊಂದರಲ್ಲಿ ಅದಕ್ಕೆ ಗುಡಿ ಕಟ್ಟಲು ಹೊರಟಾಗ ನಮ್ಮಲ್ಲಿ ಹಲವರು ನಕ್ಕಿದ್ದರು. ನಾನು ನಕ್ಕಿರಲಿಲ್ಲ. ಶತಮಾನಗಳ ಕಾಲ ಅಕ್ಷರವನ್ನೇ ಮುಟ್ಟಗೊಡದ ಭಾಷೆಗಳನ್ನು ತಾಯಿ ಎಂದು ಪೂಜಿಸಿರೆಂದು ದಲಿತರಿಗೆ ಹೇಳುವ ಹಕ್ಕು ಯಾರಿಗಿದೆ?

ಅದೇ ಹೊತ್ತಿಗೆ ನಮ್ಮ ಮನೆಯಲ್ಲೂ ಒಂದು ಸಂಗತಿ ನಡೆಯುತ್ತಿತ್ತು. ನನ್ನ ಭೂತಾನಿನ ಸಂಬಳ ಬರತೊಡಗಿದ ಮೇಲೆ ಮಗಳನ್ನು ಊರಿನ ಒಳ್ಳೆಯದೆಂದು ಹೆಸರಾದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಸೇರಿಸಿದ್ದೆವು. ನನ್ನ ಹೆಂಡತಿಗೂ ಇಷ್ಟ, ನನಗೂ ಇಷ್ಟ. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ, ಪ್ರಾಥಮಿಕ ಶಾಲೆಗಳ ಮೇಲೆ ಸರ್ಕಾರ ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದಿತು. ಗೆಳೆಯರು ಸಿಟ್ಟಿನಿಂದ ಬರೆದ ಲೇಖನಗಳನ್ನು ಬುಖಾರಿಯ ಪಕ್ಕ ಕೂತು ಓದಿದೆ. ಸಿಟ್ಟು ನನಗೂ ಬಂತು. ಜೂನಿನಲ್ಲಿ ಶಾಲೆ ಶುರುವಾದ ಮೇಲೆ ಒಂದು ಸಂಜೆ ಫೋನಿನಲ್ಲಿ ಆರು ವರ್ಷದ ಮಗಳು, ‘ಅಪ್ಪಾ, ಇವತ್ತು ನಂಗೆ ಫೈನ್ ಬೀಳ್ಲಿಲ್ಲ!’ ಅಂದಳು. ಏನು ಫೈನು ಮಗಳೇ ಎಂದೆ. ‘ಕನ್ನಡ ಮಾತಾಡಿದ್ರೆ ಫೈನು. ಇವತ್ತು ನಾನು ಏನೂ ಮಾತಾಡ್ಲೇ ಇಲ್ಲ.’

ಆ ಕೊನೆಯ ವಾಕ್ಯವನ್ನು ಅವಳು ಗೆದ್ದವಳ ದನಿಯಲ್ಲಿ ಹೇಳಿದಳು. ಅದು ಕಿವಿಗೆ ಬಿದ್ದ ಮೇಲೆ ನಾನು ಹಾಸ್ಟೆಲಿನ ಊಟದ ಮನೆಯನ್ನು ಬೇರೆ ಕಣ್ಣಿನಿಂದ ನೋಡಿದೆ. ನೂರಾರು ಮಕ್ಕಳು ಕೂತಿದ್ದರೂ ಅಲ್ಲಿ ತಟ್ಟೆ ಚಮಚದ ಸದ್ದೇ ಹೆಚ್ಚು. ಇದನ್ನು ನಾನು ಒಂದು ವರ್ಷ ಶಿಸ್ತು ಎಂದುಕೊಂಡಿದ್ದೆ. ದಂಡದಿಂದ ಮಕ್ಕಳು ಹೆಚ್ಚು ಇಂಗ್ಲಿಷ್ ಆಡುತ್ತಿರಲಿಲ್ಲ, ಒಟ್ಟಾರೆ ಮಾತನ್ನೇ ಕಡಿಮೆ ಆಡುತ್ತಿದ್ದರು. ಆಗಲೇ ಸ್ವಲ್ಪ ಬಲ್ಲ ಕ್ಯಾಪ್ಟನ್ನಂಥ ನಾಲ್ಕಾರು ಮಕ್ಕಳಿಗೆ ನಿಯಮದಿಂದ ಲಾಭವಾಯಿತು, ನಿಜ. ಉಳಿದವರು ಕಲಿತದ್ದು ಬಾಯಿ ಮುಚ್ಚುವುದನ್ನು. ಪಿಯುಸಿಯ ಹಿಂದಿನ ಬೆಂಚಿನಲ್ಲಿ ನಾನು ಕಲಿತದ್ದೂ ಅದನ್ನೇ.

ಪ್ರಿನ್ಸಿಪಾಲರ ಮಾತಿನಲ್ಲಿ ಎರಡು ವಿಷಯ ಒಂದೇ ಎಂಬಂತೆ ಹೆಣೆದುಕೊಂಡಿದ್ದವು ಎಂದು ನನಗೆ ಹೊಳೆದದ್ದು ಆಮೇಲೆ. ಮಕ್ಕಳಿಗೆ ಇಂಗ್ಲಿಷ್ ಬೇಕು ಎಂಬುದು ಒಂದು. ಅದಕ್ಕಾಗಿ ತ್ಸಾಂಗ್ಲಾ ತಪ್ಪಾಗಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಒಪ್ಪಿದವನು ಎರಡನೆಯದನ್ನೂ ಒಪ್ಪಿದ ಹಾಗೆ ನಾವು ನಡೆದುಕೊಳ್ಳುತ್ತೇವೆ. ಒಬ್ಬರಿಗೆ ನಿಜವಾಗಿಯೂ ಒಳ್ಳೆಯದನ್ನೇ ಕೊಡುತ್ತಿರುವಾಗ, ಅವರ ಕೈಯಲ್ಲಿ ಮೊದಲೇ ಇದ್ದದ್ದನ್ನು ಕೆಳಗಿಡಿಸುವ ಅಧಿಕಾರವೂ ಕೊಡುವವನಿಗೆ ಬಂದುಬಿಡುತ್ತದೆಯೇ? ವೈದ್ಯನಿಗೆ, ಮೇಷ್ಟ್ರಿಗೆ, ಅಪ್ಪನಿಗೆ ಈ ಗೊಂದಲ ಯಾವಾಗಲೂ ಇರುವಂಥದ್ದು. ಪರದೇಶದಲ್ಲಿ ಇಂಗ್ಲಿಷ್ ಕಲಿಸುವವನಿಗೆ ಸ್ವಲ್ಪ ಹೆಚ್ಚು, ಏಕೆಂದರೆ ಕೆಳಗಿಡಿಸುವುದು ಏನೆಂದು ಅವನಿಗೆ ಗೊತ್ತೇ ಇರುವುದಿಲ್ಲ. ‘ರಿ’ ಎಂದರೆ ಏನೆಂದು ತಿಳಿಯುವ ಮೊದಲೇ ನಾನು ಅದರ ಬೆಲೆ ಓದಿದ್ದೆ.

ಕನ್ನಡದ ಮಟ್ಟಿಗೆ ಇದು ಹೊಸ ಗೊಂದಲವೇನಲ್ಲ. ಬಿ.ಎಂ.ಶ್ರೀ., ವಿ.ಕೃ. ಗೋಕಾಕ್, ಅಡಿಗ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಹೊಟ್ಟೆಪಾಡಿಗೆ ಇಂಗ್ಲಿಷ್ ಕಲಿಸಿದವರು. ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದ 1981ರ ವರದಿಗೆ ಸಹಿ ಹಾಕಿದ ಸಮಿತಿಯ ಅಧ್ಯಕ್ಷರೂ ಇಂಗ್ಲಿಷ್ ಪ್ರಾಧ್ಯಾಪಕರೇ. ಇದನ್ನು ಆಷಾಢಭೂತಿತನ ಎಂದು ಹಂಗಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಅವರಿಗಿದ್ದ ಒಂದು ಅನುಕೂಲ ನನಗಿರಲಿಲ್ಲ: ಅವರು ಕಲಿಸುತ್ತಿದ್ದ ಹುಡುಗರ ಭಾಷೆ ಅವರದೇ ಭಾಷೆಯಾಗಿತ್ತು. ಕ್ಲಾಸಿನಲ್ಲಿ ಷೇಕ್ಸ್‌ಪಿಯರ್ ಹೇಳಿ ಕಾರಿಡಾರಿನಲ್ಲಿ ಕನ್ನಡಕ್ಕೆ ಮರಳಬಹುದಿತ್ತು. ನನಗೂ ಆ ಮಕ್ಕಳಿಗೂ ಸಂಧಿಸಲು ಇಂಗ್ಲಿಷಿನ ಹೊರತು ಬೇರೆ ಕಾರಿಡಾರೇ ಇರಲಿಲ್ಲ.

ಹಾಗಂತ ನಾನು ಬಂಡಾಯವೇನೂ ಏಳಲಿಲ್ಲ. ಮಾಡಿದ್ದು ಸಣ್ಣದು, ಅದಕ್ಕೂ ವ್ಯಾಕರಣದ ನೆಪ ಬೇಕಾಯಿತು. ತ್ಸಾಂಗ್ಲಾದಲ್ಲೂ ಕನ್ನಡದ ಹಾಗೆ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ. ನಾವು ‘ಮನೆಯಲ್ಲಿ’, ‘ಮನೆಗೆ’ ಎನ್ನುವ ಹಾಗೆ ಅವರೂ ನಾಮಪದದ ಹಿಂದೆ ಪ್ರತ್ಯಯ ಅಂಟಿಸುತ್ತಾರೆ. ಇಂಗ್ಲಿಷ್ ಬರೆಯುವಾಗ ಅವರು ಮಾಡುತ್ತಿದ್ದ ತಪ್ಪುಗಳಲ್ಲಿ ಅರ್ಧಕ್ಕರ್ಧ ಹೈಸ್ಕೂಲಿನಲ್ಲಿ ನಾನು ಮಾಡುತ್ತಿದ್ದವೇ. ಇಂಗ್ಲೆಂಡಿನಿಂದ ಬಂದ ಮೇಷ್ಟ್ರಿಗೆ ಅದು ತಪ್ಪೆಂದು ಗೊತ್ತಾಗುತ್ತಿತ್ತು. ನನಗೆ ಅದು ಯಾಕೆ ತಪ್ಪಾಯಿತು ಎಂಬುದೂ ಗೊತ್ತಾಗುತ್ತಿತ್ತು. ಬೋರ್ಡಿನ ಮೇಲೆ ‘ಅಮ್ಮ ನೀರು ತಂದಳು’ ಎಂಬುದನ್ನು ಮೂರು ಭಾಷೆಯಲ್ಲಿ ಒಂದರ ಕೆಳಗೊಂದು ಬರೆಯೋಣ, ತ್ಸಾಂಗ್ಲಾದಲ್ಲಿ ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ಕ್ಯಾಪ್ಟನ್ ಕಡೆ ನೋಡಿದರು. ಕ್ಯಾಪ್ಟನ್ ನನ್ನ ಕಡೆ ನೋಡಿದಳು. ಪುಸ್ತಕ ಖಾನೆಯಲ್ಲಿದೆ, ಈ ಪೀರಿಯಡ್ಡಿಗೆ ಅದು ಮಲಗಿರುತ್ತದೆ ಎಂದೆ. ಆಗ ಹಿಂದಿನಿಂದ ಜ್ವರದ ಹುಡುಗಿ ಹೇಳಿದಳು, ನಾನು ನನ್ನ ಕಿವಿಗೆ ಬಿದ್ದ ಹಾಗೆ ಬರೆದೆ, ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಏನು ತಪ್ಪು ಬರೆದೆನೋ ಇವತ್ತಿಗೂ ಗೊತ್ತಿಲ್ಲ.

ವಾರಕ್ಕೆ ಎರಡು ಪೀರಿಯಡ್ ಹೀಗೆ ನಡೆಯಿತು. ಪ್ರಿನ್ಸಿಪಾಲರಿಗೆ ಹೇಳಿಯೇ ಮಾಡಿದೆ. ವ್ಯಾಕರಣಕ್ಕಾದರೆ ಆಗಲಿ ಎಂದರು. ಹೊರಗೆ ಪುಸ್ತಕ ಎಂದಿನಂತೆ ತುಂಬುತ್ತಿತ್ತು, ನಾನು ಎಂದಿನಂತೆ ವಸೂಲಿ ಮಾಡುತ್ತಿದ್ದೆ. ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೆ ಬಿಡುವಂತಿಲ್ಲ. ಎರಡು ಪೀರಿಯಡ್ಡಿನ ಒಳ್ಳೆಯತನ ಉಳಿದ ನಲವತ್ತಕ್ಕೆ ಸಮಾಧಾನ ಕೊಡುತ್ತಿತ್ತು, ಬಹುಶಃ ಅದಿಲ್ಲದಿದ್ದರೆ ನಾನು ಬೇಗ ಜಗಳಕ್ಕೆ ನಿಲ್ಲುತ್ತಿದ್ದೆನೇನೋ. ಮುಂದಿನ ವರ್ಷ ಕ್ಯಾಪ್ಟನ್ ಬದಲಾದಳು. ಹೊಸಬ ಸೋಮಾರಿ. ಹೆಸರು ಬರೆಯುವುದು ನಿಂತುಹೋಯಿತು, ಯಾರೂ ಕೇಳಲಿಲ್ಲ.

ಮಗಳ ಶಾಲೆಯನ್ನು ಬದಲಾಯಿಸಲಿಲ್ಲ. ಹೆಂಡತಿ ಹೋಗಿ ಮಾತಾಡಿ ಬಂದಳು, ಫೈನ್ ಹೋಗಿ ನೂರು ಸಲ ಬರೆಯುವ ಶಿಕ್ಷೆ ಬಂತು. ಈಗ ಅವಳು ಪಿಯುಸಿಯಲ್ಲಿದ್ದಾಳೆ. ಕನ್ನಡ ಚೆನ್ನಾಗಿ ಆಡುತ್ತಾಳೆ, ನನಗೆ ಕಳಿಸುವ ಮೆಸೇಜುಗಳಲ್ಲಿ ಮಾತ್ರ ಕನ್ನಡವೂ ರೋಮನ್ ಅಕ್ಷರದಲ್ಲೇ ಬರುತ್ತದೆ. ‘ಊಟ ಆಯ್ತಾ’ ಎಂಬುದನ್ನು ಆ ಅಕ್ಷರಗಳಲ್ಲಿ ನೋಡಿದಾಗಲೆಲ್ಲ ನನಗೆ ಆ ನಾಲ್ಕು ಕಾಲಂ ಕಾಣುತ್ತದೆ. ಬರೆಯದ ಭಾಷೆಯೊಂದನ್ನು ನಾನು ಮೊದಲ ಸಲ ಬರಹದಲ್ಲಿ ಕಂಡದ್ದು ದಂಡದ ಲೆಕ್ಕದಲ್ಲಿ. ಆ ಹುಡುಗಿ ಕಿವಿಗೊಟ್ಟು, ಕಾಗುಣಿತ ಯೋಚಿಸಿ, ಒಂದೊಂದು ಪದವನ್ನೂ ಶ್ರದ್ಧೆಯಿಂದ ದಾಖಲಿಸಿದ್ದಳು: ಅಮಾ, ತೋ, ರಿ. ಅಮ್ಮ, ಊಟ, ನೀರು.

2016ರ ಡಿಸೆಂಬರಿನಲ್ಲಿ ಗಂಟುಮೂಟೆ ಕಟ್ಟುವಾಗ ಆ ನೋಟ್‌ಬುಕ್ಕನ್ನೂ ಟ್ರಂಕಿಗೆ ಹಾಕಿಕೊಂಡೆ. ಶಾಲೆಯ ವಸ್ತು, ಕೇಳಿ ತರಬೇಕಿತ್ತು. ಕೇಳಲಿಲ್ಲ.

ಮೊನ್ನೆ ಮೊನ್ನೆ ಜ್ವರದ ಹುಡುಗಿಯ ಫೋನ್ ಬಂತು, ಪರ್ತ್‌ನಿಂದ. ಭೂತಾನಿನ ಯುವಕರು ಈಗ ದಂಡುದಂಡಾಗಿ ಆಸ್ಟ್ರೇಲಿಯಾಕ್ಕೆ ಹೋಗುತ್ತಿದ್ದಾರೆ, ಮೇಷ್ಟ್ರುಗಳೂ ಕೆಲಸ ಬಿಟ್ಟು ಹೋಗುತ್ತಿದ್ದಾರೆ. ನಾವು ಕಲಿಸಿದ ಇಂಗ್ಲಿಷೇ ಟಿಕೆಟ್ಟು. ಆ ದೇಶದ ಶಾಲೆಗಳಿಗೆ ಇದರಿಂದ ಆದ ನಷ್ಟದಲ್ಲಿ ನನ್ನ ಪಾಲೂ ಇದೆಯೋ ಏನೋ. ಅವಳು ಓದುತ್ತ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುತ್ತಾಳೆ. ಅವಳ ಇಂಗ್ಲಿಷ್ ಕೇಳಿ ನೀನು ಇಂಡಿಯಾದಲ್ಲಿ ಓದಿದವಳಾ ಎಂದು ಅಲ್ಲಿಯವರು ಕೇಳುತ್ತಾರಂತೆ. ಹಾಸನದ ಗುತ್ತು ಅಲ್ಲಿಯವರೆಗೆ ಹೋಗಿದೆ. ಒಬ್ಬ ಇಟಲಿಯ ಅಜ್ಜಿ ಇದ್ದಾಳಂತೆ. ಐವತ್ತು ವರ್ಷ ಆಸ್ಟ್ರೇಲಿಯಾದಲ್ಲಿ ಬದುಕಿದವಳು, ಈಗ ಮರೆವಿನ ಕಾಯಿಲೆಯಲ್ಲಿ ಇಂಗ್ಲಿಷ್ ಪೂರ್ತಿ ಅಳಿಸಿಹೋಗಿ ರಾತ್ರಿಯೆಲ್ಲ ಇಟಾಲಿಯನ್ನಿನಲ್ಲಿ ಬೈಯುತ್ತಾಳೆ.

‘ನೀನೇನು ಮಾಡ್ತೀಯ?’

‘ನಾನೂ ತ್ಸಾಂಗ್ಲಾದಲ್ಲಿ ಉತ್ತರ ಕೊಡ್ತೀನಿ ಸರ್. ಇಬ್ಬರಿಗೂ ನಡೀತದೆ.’

ಧೈರ್ಯ ಮಾಡಿ ಹತ್ತು ರೂಪಾಯಿಯ ಮಾತು ತೆಗೆದೆ. ಅವಳಿಗೆ ನೆನಪೇ ಇರಲಿಲ್ಲ. ಬುಧವಾರ, ಜ್ವರ, ಕ್ಯಾಪ್ಟನ್ ಎಂದು ನಾನು ವಿವರಿಸುತ್ತ ಹೋದೆ. ಕೊನೆಗೆ, ‘ಆ ದುಡ್ಡಲ್ಲಿ ವರ್ಷದ ಕೊನೆಗೆ ಪಿಕ್ನಿಕ್‌ಗೆ ಜ್ಯೂಸ್ ತಂದಿದ್ರಿ ಸರ್, ಅದು ನೆನಪಿದೆ’ ಎಂದಳು. ನನಗೆ ಅದು ನೆನಪಿರಲಿಲ್ಲ. ನಾನು ಹತ್ತು ವರ್ಷ ಹೊತ್ತುಕೊಂಡು ತಿರುಗಿದ್ದು ಅವಳ ನೋವೋ, ನನ್ನ ಬೆಂಚಿನ ನೋವೋ, ಗೊತ್ತಾಗಲಿಲ್ಲ. ಅವಳಿಗೆ ನೆನಪಿಲ್ಲವೆಂದ ಮಾತ್ರಕ್ಕೆ ಅದು ಆಗಲೇ ಇಲ್ಲವೆಂದು ಬಿಟ್ಟುಬಿಡಲೂ ಮನಸ್ಸು ಬರಲಿಲ್ಲ.

ಟ್ರಂಕಿನಿಂದ ನೋಟ್‌ಬುಕ್ ತೆಗೆದು ಎರಡು ಪುಟದ ಫೋಟೋ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವಳ ದನಿಯ ಮೆಸೇಜ್ ಬಂತು. ಒಂದೊಂದೇ ಪದ ಹೇಳಿ, ಇದು ಹೀಗಲ್ಲ, ಹೀಗೆ, ಎಂದು ತಿದ್ದುತ್ತ ಹೋಗಿದ್ದಾಳೆ. ಮಗಳು ಪಕ್ಕದಲ್ಲಿ ಕೂತು ಮೂರು ಸಲ ಹಾಕಿ ಕೇಳಿದಳು, ತಾನೂ ಹೇಳಿ ನೋಡಿದಳು. ಅವಳದು ಪರವಾಗಿಲ್ಲವಂತೆ. ‘ರಿ’ ಎನ್ನುವುದು ನನಗೆ ಇನ್ನೂ ಸರಿಯಾಗಿ ಬರುತ್ತಿಲ್ಲವಂತೆ.